ನಾಲ್ಕನೆಯ ಕ್ಲಿಪ್ಪಿನ ಕೈಗಳು

ಅವನು ಅರ್ಧದಲ್ಲೇ ಎದ್ದು ಹೋದದ್ದು ನನ್ನ ಮೇಲಿನ ಬೇಸರಕ್ಕೆ ಎಂದು ನಾನು ಇಡೀ ಒಂದು ದಿನ ನಂಬಿಕೊಂಡಿದ್ದೆ. ಬೇರೆ ಏನಂತ ತಿಳಿಯಲಿ, ನೀವೇ ಹೇಳಿ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನಗುನಗುತ್ತ ಬಂದು ಪಕ್ಕದ ಕುರ್ಚಿಯಲ್ಲಿ ಕೂತವನು, ಮೂರೂವರೆಗೆ ಮುಖ ಬಿಳಿಚಿಕೊಂಡು, “ಇವತ್ತು ಆಗಲ್ಲ, ಬರ್ತೀನಿ” ಎಂದು ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದುಬಿಟ್ಟ. ಕಾಫಿ ಲೋಟದಲ್ಲಿ ಮುಕ್ಕಾಲು ಭಾಗ ಹಾಗೇ ಉಳಿದಿತ್ತು.

ನಾನು ವಿಡಿಯೋ ಎಡಿಟರ್. ಅಕ್ಕ ಕ್ಯಾಮೆರಾ ಹಿಡಿಯುತ್ತಾಳೆ, ನಾನು ಕತ್ತರಿಸಿ ಜೋಡಿಸುತ್ತೇನೆ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಸ್ಟುಡಿಯೋ. ಈ ಸಲ ಬಂದಿದ್ದ ಕೆಲಸ ಸ್ವಲ್ಪ ಬೇರೆ ಥರದ್ದು. ದೂರದ ಊರೊಂದರಲ್ಲಿ ನಾಟಕದ ಉಡುಪು ಹೊಲಿಯುವ ಕಾರ್ಖಾನೆಯಿದೆ. ಅಲ್ಲಿ ಹೊಲಿಯುವ ಏಳೂ ಹೆಂಗಸರು ಕಿವುಡರು. ಕಾರ್ಖಾನೆಗೆ ಇಪ್ಪತ್ತೈದು ವರ್ಷ ತುಂಬುತ್ತಿದೆಯೆಂದು ತಮ್ಮ ಕಥೆಗಳನ್ನು ಕೈಸನ್ನೆಯ ಭಾಷೆಯಲ್ಲಿ ಹೇಳಿ, ಒಬ್ಬರನ್ನೊಬ್ಬರು ಫೋನಿನಲ್ಲಿ ಚಿತ್ರೀಕರಿಸಿ, ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿ ಕಳಿಸಿದ್ದರು. ಅದನ್ನೆಲ್ಲ ಸಿನಿಮಾ ಮಾಡಿಕೊಡಬೇಕು.

ನನಗೋ ಕೈಸನ್ನೆಯ ಒಂದಕ್ಷರವೂ ಬಾರದು. ಎಲ್ಲಿ ಮಾತು ಮುಗಿಯಿತು, ಎಲ್ಲಿ ಕತ್ತರಿ ಹಾಕಬೇಕು ಎಂದು ಹೇಳಲು ಒಬ್ಬ ದುಭಾಷಿ ಬೇಕಿತ್ತು. ಹಾಗೆ ಬಂದವನು ಅವನು. ದೊಡ್ಡ ಆಸ್ಪತ್ರೆಯಲ್ಲಿ ಕಿವುಡ ರೋಗಿಗಳಿಗೂ ಡಾಕ್ಟರುಗಳಿಗೂ ನಡುವೆ ನಿಂತು ಮಾತು ದಾಟಿಸುವುದು ಅವನ ಕೆಲಸ. ಆ ಏಳು ಹೆಂಗಸರಲ್ಲಿ ಒಬ್ಬರು ಅವನ ತಾಯಿ. ಆಡುವ ಮಾತಿಗಿಂತ ಮೊದಲು ಅವನು ಕಲಿತದ್ದು ಕೈಮಾತು.

ಮೂರು ವಾರ, ವಾರಕ್ಕೆ ಮೂರು ದಿನ. ಅವನು ಹೇಳುವುದು, ನಾನು ಅಡಿಬರಹ ಟೈಪ್ ಮಾಡುವುದು. ಹೀಗೇ ಮೂರು ಕ್ಲಿಪ್ ಮುಗಿದವು. ಅಷ್ಟರಲ್ಲಿ ನನಗೆ ಏನಾಗಿತ್ತು ಎಂದು ಸುತ್ತಿ ಬಳಸಿ ಹೇಳುವುದಿಲ್ಲ. ಅವನು ಬರುವ ದಿನ ನಾನು ಎರಡು ಸಲ ತಲೆ ಬಾಚಿಕೊಳ್ಳುತ್ತಿದ್ದೆ. ಅವನು ಪರದೆ ನೋಡುವಾಗ ನಾನು ಅವನನ್ನು ನೋಡುತ್ತಿದ್ದೆ. ಅವನು ತಿರುಗಿದರೆ ಕೀಬೋರ್ಡಿನ ಧೂಳು ಊದುತ್ತಿದ್ದೆ.

“ಆ ಕೀಬೋರ್ಡು ಇಷ್ಟು ಕ್ಲೀನಾಗಿ ಯಾವತ್ತೂ ಇರಲಿಲ್ಲ ಕಣೇ” ಎಂದು ಅಕ್ಕ ಒಳಕೋಣೆಯಿಂದ ಕೂಗುತ್ತಿದ್ದಳು.

ಮಂಗಳವಾರದ್ದು ನಾಲ್ಕನೆಯ ಕ್ಲಿಪ್, ಅವನ ಅಮ್ಮನದು. ಅದೊಂದನ್ನು ಮಾತ್ರ ತಡವಾಗಿ, ಹಿಂದಿನ ದಿನವಷ್ಟೇ ಚಿತ್ರೀಕರಿಸಿ ಕಳಿಸಿದ್ದರು; ನಾನು ಅದನ್ನೂ ಅದೇ ಹಾರ್ಡ್ ಡಿಸ್ಕಿಗೆ ಸೇರಿಸಿದ್ದೆ. “ತಿಂಗಳಿಂದ ಅವಳು ವಿಡಿಯೋ ಕಾಲ್‌ಗೇ ಬರ್ತಿಲ್ಲ. ಬರೀ ಮೆಸೇಜು. ಇವತ್ತು ಹೊಟ್ಟೆ ತುಂಬಾ ನೋಡ್ಬೇಕು” ಎಂದಿದ್ದ. ನಾನು ಕ್ಲಿಪ್ ಹಾಕಿದೆ. ಹಾಕಿದ್ದೇ ತಡ, ವಿಡಿಯೋ ತಡವರಿಸತೊಡಗಿತು. ಅಮ್ಮನ ಕೈ ಮೇಲೇಳುವುದು, ಗಾಳಿಯಲ್ಲೇ ನಿಲ್ಲುವುದು, ಆಮೇಲೆ ಗಕ್ಕನೆ ಎಲ್ಲಿಗೋ ಜಿಗಿಯುವುದು.

ಆಗಲೇ ನಾನು ಬಾಯಿ ಬಿಡಬೇಕಿತ್ತು. ‘ನನ್ನ ಕಂಪ್ಯೂಟರು ಹಳೇದು, ಈ ಫೈಲು ಅದಕ್ಕೆ ಜೀರ್ಣ ಆಗ್ತಿಲ್ಲ’ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹಿಂದಿನ ಮೂರು ಕ್ಲಿಪ್ ಬೆಣ್ಣೆಯ ಹಾಗೆ ಓಡಿದ್ದವು. ಇವತ್ತು ಯಂತ್ರವನ್ನು ಬೈದರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತದೆ, ಇವನೆದುರು ಮರ್ಯಾದೆ ಹೋಗುತ್ತದೆ ಎಂದು ಸುಮ್ಮನಿದ್ದೆ. ನನ್ನಂಥ ಬಾಯಿಬಡುಕಿ ಜೀವನದಲ್ಲಿ ಒಂದೇ ಒಂದು ಸಲ ಸುಮ್ಮನಿದ್ದದ್ದು, ಅದೂ ಇರಬಾರದ ಹೊತ್ತಿನಲ್ಲಿ.

ಬುಧವಾರ ಬೆಳಿಗ್ಗೆ ಅವನ ಮೆಸೇಜು ಬಂತು. ‘ಕ್ಷಮಿಸಿ. ನಾನು ಈ ಕೆಲಸ ಮುಂದುವರಿಸೋಕೆ ಆಗಲ್ಲ. ಬೇರೆ ಒಬ್ಬರ ನಂಬರ್ ಕಳಿಸ್ತೀನಿ. ನಿಮ್ಮ ಜೊತೆ ಕೂತ ಮೂರು ವಾರ ಚೆನ್ನಾಗಿತ್ತು.’

ಓದಿ ಮೈಯೆಲ್ಲ ಉರಿದುಹೋಯಿತು. ಚೆನ್ನಾಗಿತ್ತಂತೆ! ಚೆನ್ನಾಗಿದ್ದರೆ ಯಾರಾದರೂ ಎದ್ದು ಹೋಗುತ್ತಾರಾ?

“ನಾನೇನಾದ್ರೂ ಜಾಸ್ತಿ ಮಾತಾಡ್ದೆ ಅನ್ಸುತ್ತಾ?” ಎಂದು ಅಕ್ಕನನ್ನು ಕೇಳಿದೆ.

“ನೀನು ಯಾವತ್ತು ಕಡಿಮೆ ಮಾತಾಡಿದ್ದೀಯ? ಅದಕ್ಕೆ ಹೆದರೋನಾಗಿದ್ರೆ ಮೊದಲನೇ ದಿನವೇ ಓಡಿರೋನು.” ಅಕ್ಕ ಲೆನ್ಸು ಒರೆಸುತ್ತಲೇ ಹೇಳಿದಳು. “ಇಲ್ಲಿ ಕೂತು ನನ್ನ ತಲೆ ತಿನ್ನಬೇಡ. ಹೋಗಿ ಅವನನ್ನೇ ಕೇಳು. ಕೇಳಿದ್ರೆ ಗಂಟೇನು ಹೋಗಲ್ಲ.”

ಕೋಪ ಬಂದರೆ ನನಗೆ ಕಾಲು ನಿಲ್ಲುವುದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಆಸ್ಪತ್ರೆಯಲ್ಲಿದ್ದೆ.

ಹೊರರೋಗಿಗಳ ವಿಭಾಗದ ಉದ್ದನೆಯ ಓಣಿ. ಗೋಡೆಗೆ ಸಾಲಾಗಿ ನಂಬರು ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು. ಊಟದ ಹೊತ್ತಾದ್ದರಿಂದ ಎಲ್ಲ ಖಾಲಿ. ಕೊನೆಯ ಕುರ್ಚಿಯಲ್ಲಿ ಅವನೊಬ್ಬನೇ ಕೂತಿದ್ದ. ಮಡಿಲಲ್ಲಿ ಒಂದು ಲಕೋಟೆ. ನನ್ನನ್ನು ನೋಡಿ ಎದ್ದು ನಿಂತ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ ಅದು. ಬೈಯಲು ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

“ಏನಾಯ್ತು?” ಎಂದೆ ಅಷ್ಟೇ.

“ಕೂತ್ಕೊಳ್ಳಿ” ಎಂದ. ತಾನೂ ಕೂತ. “ನೀವೂ ನೋಡಿದ್ರಲ್ಲ ನಿನ್ನೆ.”

“ಏನು ನೋಡ್ದೆ?”

“ಅಮ್ಮನ ಕೈ.”

ನನಗೆ ಅರ್ಥವಾಗಲಿಲ್ಲ. ಅವನು ನೆಲ ನೋಡುತ್ತ ನಿಧಾನವಾಗಿ ಹೇಳಿದ. ಅವನ ತಾತ, ಅಮ್ಮನ ಅಪ್ಪ, ಅವರೂ ಕಿವುಡರೇ. ಅರವತ್ತು ದಾಟಿದ ಮೇಲೆ ಅವರಿಗೆ ಕೈ ನಡುಗುವ ಕಾಯಿಲೆ ಬಂತು. ಮೊದಲು ಕೈ ಅಲ್ಲಲ್ಲಿ ನಿಲ್ಲುವುದು, ಆಮೇಲೆ ಗಕ್ಕನೆ ಜಿಗಿಯುವುದು. ಬರಬರುತ್ತ ಅವರ ಸನ್ನೆ ಯಾರಿಗೂ ತಿಳಿಯದಾಯಿತು.

“ಕೈ ಹೋದ್ರೆ ನಮ್ಮನೇಲಿ ಮಾತೇ ಹೋದ ಹಾಗೆ. ತಾತ ನಾಲ್ಕು ವರ್ಷ ಬಾಯಿ ಕಟ್ಟಿದ ಹಾಗೆ ಬದುಕಿದ್ರು. ನೀರು ಬೇಕಾ ಊಟ ಬೇಕಾ ಅಂತ ಕೂಡ ಹೇಳೋಕಾಗ್ತಿರಲಿಲ್ಲ. ಅದು ಮಕ್ಕಳಿಗೂ ಬರಬಹುದು ಅಂತ ಡಾಕ್ಟರು ಆಗಲೇ ಹೇಳಿದ್ರು. ಅಮ್ಮಂಗೆ ಈಗ ಅರವತ್ತೊಂದು.” ಅವನು ಲಕೋಟೆಯ ಅಂಚನ್ನು ಉಗುರಿನಿಂದ ತೀಡಿದ. “ತಿಂಗಳಿಂದ ಯಾಕೆ ವಿಡಿಯೋ ಕಾಲ್‌ಗೆ ಬರ್ತಿಲ್ಲ ಅಂತ ನಿನ್ನೆ ಗೊತ್ತಾಯ್ತು. ನನ್ನಿಂದ ಮುಚ್ಚಿಡ್ತಿದ್ದಾಳೆ.”

“ಇದೇನು ಲಕೋಟೆ?”

“ರಾಜೀನಾಮೆ. ಸಾಯಂಕಾಲ ಆರು ಹತ್ತರ ರೈಲಿಗೆ ಊರಿಗೆ ಹೋಗ್ತಿದ್ದೀನಿ. ಇನ್ನು ಅಲ್ಲೇ ಇರ್ತೀನಿ. ಅವಳ ಮಾತು ನಿಲ್ಲೋ ಮುಂಚೆ ಪಕ್ಕದಲ್ಲಿರಬೇಕು.”

ಆಗ ನಾನು ಒಂದು ಘೋರ ಕೆಲಸ ಮಾಡಿದೆ. ನಕ್ಕುಬಿಟ್ಟೆ. ಬೇಕೆಂದು ನಕ್ಕದ್ದಲ್ಲ, ಎದೆಗೆ ಬಿದ್ದ ಕಲ್ಲು ಥಟ್ಟನೆ ಉರುಳಿಹೋದಾಗ ಬಾಯಿಂದ ಏನೋ ಹೊರಟಿತು. ಅವನು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೈಲಿದ್ದ ಲೋಟವನ್ನು ಯಾರೋ ಕಸಿದುಕೊಂಡ ಮಗುವಿನ ಹಾಗಿತ್ತು ಆ ಮುಖ.

“ಅಯ್ಯೋ, ಅಲ್ಲ ಅಲ್ಲ, ತಪ್ಪು ತಿಳೀಬೇಡಿ!” ನಾನು ಅವನ ತೋಳು ಹಿಡಿದೇಬಿಟ್ಟೆ. “ಅದು ನಿಮ್ಮಮ್ಮನ ಕೈ ಅಲ್ಲ ಪುಣ್ಯಾತ್ಮ! ನನ್ನ ದರಿದ್ರ ಕಂಪ್ಯೂಟರು. ಫೈಲು ಭಾರ ಆದ್ರೆ ಅದು ನಡುನಡುವೆ ಚಿತ್ರ ನುಂಗಿಬಿಡುತ್ತೆ. ನೋಡೋರಿಗೆ ಕೈ ನಿಂತು ನಿಂತು ಹಾರಿದ ಹಾಗೆ ಕಾಣುತ್ತೆ. ನಮಗೆ ದಿನಾ ಇರೋ ಗೋಳು ಇದು.”

“ಮುಂಚಿನ ಮೂರು ಕ್ಲಿಪ್‌ನಲ್ಲಿ ಹೀಗಾಗಲಿಲ್ಲ.”

“ಅದೂ ನಿಜ…”

“ಬರೀ ನನ್ನಮ್ಮನ ಕ್ಲಿಪ್‌ನಲ್ಲಿ ಮಾತ್ರ ಆಯ್ತು.” ಅವನ ದನಿ ತಣ್ಣಗಿತ್ತು. “ನೀವು ಸಮಾಧಾನಕ್ಕೆ ಹೇಳ್ತಿದ್ದೀರಿ. ನಾನು ಮೂವತ್ತು ವರ್ಷದಿಂದ ಆ ಕೈ ನೋಡ್ಕೊಂಡು ಬೆಳೆದಿದ್ದೀನಿ.”

ಅಲ್ಲೇ ಇತ್ತು ಎಡವಟ್ಟು. ಬೇರೆ ಯಾರಾಗಿದ್ದರೂ ‘ಏನ್ರೀ ವಿಡಿಯೋ ಹ್ಯಾಂಗ್ ಆಗ್ತಿದೆ’ ಎನ್ನುತ್ತಿದ್ದರು. ಕೈಯನ್ನೇ ಓದಿ ಬೆಳೆದವನು ಕೈಯನ್ನಲ್ಲದೆ ಬೇರೇನನ್ನೂ ನೋಡಲಿಲ್ಲ.

“ರೈಲು ಎಷ್ಟೊತ್ತಿಗೆ ಅಂದ್ರಿ? ಆರು ಹತ್ತಕ್ಕಲ್ವಾ? ಈಗ ಒಂದೂ ಮುಕ್ಕಾಲು. ನಡೀರಿ ಸ್ಟುಡಿಯೋಗೆ. ಆ ಲಕೋಟೆ ಯಾರಿಗೂ ಕೊಡಬೇಡಿ. ನಾನು ಸರಿಮಾಡಿ ತೋರಿಸ್ತೀನಿ.”

“ತೋರಿಸಿದ ಮೇಲೂ ಕೈ ಹಾಗೇ ಇದ್ರೆ?”

“ಆಗ ನಾನೇ ಸ್ಟೇಷನ್ನಿಗೆ ಬಂದು ರೈಲು ಹತ್ತಿಸ್ತೀನಿ” ಎಂದೆ.

ಸ್ಟುಡಿಯೋ ಮೆಟ್ಟಿಲು ಹತ್ತುವಾಗ ನನಗೆ ಸಿಂಹದ ಧೈರ್ಯ. ಕೂತು ಮೊದಲು ಪ್ಲೇಬ್ಯಾಕ್ ಕ್ವಾಲಿಟಿಯನ್ನು ಕಾಲು ಭಾಗಕ್ಕೆ ಇಳಿಸಿದೆ. ಚಿತ್ರ ಮಸುಕಾಯಿತೇ ಹೊರತು ಕೈ ಮಾತ್ರ ಹಾಗೇ ತಡೆದು ತಡೆದು ಹಾರಿತು. ಹೊರಗಿನ ಹಾರ್ಡ್ ಡಿಸ್ಕು ನಿಧಾನವಿರಬೇಕು ಎಂದುಕೊಂಡು ಫೈಲನ್ನು ಕಂಪ್ಯೂಟರಿನ ಒಳಗೇ ಕಾಪಿ ಮಾಡಿದೆ. ಅದಕ್ಕೇ ಇಪ್ಪತ್ತು ನಿಮಿಷ ಹೋಯಿತು. ಆಗಲೂ ಅದೇ ರಾಗ, ಅದೇ ಹಾಡು. ಸಾಫ್ಟ್‌ವೇರ್ ಕೂಡಿಟ್ಟುಕೊಂಡಿದ್ದ ಕ್ಯಾಶ್ ಫೈಲುಗಳನ್ನೆಲ್ಲ ಗುಡಿಸಿ ಹಾಕಿ ಮತ್ತೆ ತೆರೆದೆ. ಪ್ರಯೋಜನವಾಗಲಿಲ್ಲ. ಎಡಿಟಿಂಗ್ ಬಿಟ್ಟು ಸಾದಾ ಪ್ಲೇಯರಿನಲ್ಲಿ ಹಾಕಿದೆ, ಅಲ್ಲೂ ಎಡವಿತು. ನನ್ನ ಫೋನಿಗೆ ಹಾಕಿದರೆ, ಈ ಫೈಲು ನನ್ನಿಂದ ತೆರೆಯಲಾಗದು ಎಂದು ಅದು ಕೈಚೆಲ್ಲಿತು.

ಪ್ರತಿ ಸಲವೂ ಅವನು ಪರದೆಯ ಕಡೆ ಬಾಗುತ್ತಿದ್ದ. ಪ್ರತಿ ಸಲವೂ ಮತ್ತೆ ಬೆನ್ನು ಕುರ್ಚಿಗೆ ಆನಿಸುತ್ತಿದ್ದ.

ಮೂರು ಗಂಟೆಯ ಹೊತ್ತಿಗೆ ನನ್ನ ಧೈರ್ಯವೂ ಜಾರತೊಡಗಿತು. ಎಲ್ಲ ಕಡೆಯೂ ಎಡವುತ್ತಿದೆಯೆಂದರೆ? ಆ ಕ್ಲಿಪ್ಪಿನಲ್ಲಿ ಅಮ್ಮ ಬಿಳಿಗೋಡೆಯ ಮುಂದೆ ಒಬ್ಬರೇ ಕೂತಿದ್ದಾರೆ; ಹಿಂದೆ ತಿರುಗುವ ಫ್ಯಾನಿಲ್ಲ, ಓಡಾಡುವ ಜನರಿಲ್ಲ. ಇಡೀ ಚಿತ್ರದಲ್ಲಿ ಅಲುಗುವುದು ಆ ಎರಡು ಕೈ ಮಾತ್ರ. ನಿಜಕ್ಕೂ ಕೈಯೇ ಹಾಗಿದ್ದರೆ ಎಂಬ ಯೋಚನೆ ಬಂತು. ಅವರ ಕೈಗೆ ಏನೂ ಆಗಿರಬಾರದು ಎಂದು ಒಳಗೊಳಗೇ ಬೇಡಿಕೊಂಡೆ. ಅದರಲ್ಲಿ ಅರ್ಧ ಸ್ವಾರ್ಥ, ಸುಳ್ಳೇಕೆ ಹೇಳಲಿ. ಆ ಕೈ ನಡುಗಿದರೆ ಇವನು ಹೊರಟುಹೋಗುತ್ತಾನೆ, ಮತ್ತೆ ಬರುವುದಿಲ್ಲ.

ಅಕ್ಕ ಒಳಗಿನಿಂದ ಬಂದು ನಮ್ಮಿಬ್ಬರ ಮುಖ ನೋಡಿದಳು. ವಿಷಯವನ್ನೆಲ್ಲ ಎರಡು ಮಾತಿನಲ್ಲಿ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟಳು.

“ಅಲ್ವೇ, ಫೈಲಿನ ಜಾತಕ ನೋಡಿದ್ಯಾ?”

ನಾನು ಹಣೆ ಚಚ್ಚಿಕೊಂಡೆ. ಮೊದಲು ಮಾಡಬೇಕಾದದ್ದನ್ನೇ ಮಾಡಿರಲಿಲ್ಲ. ಇವನು ಪಕ್ಕದಲ್ಲಿ ಕೂತರೆ ನನ್ನ ಬುದ್ಧಿ ಅರ್ಧ ರಜೆ ಹಾಕುತ್ತದೆ. ಫೈಲಿನ ವಿವರ ತೆರೆದೆ. ಮೊದಲ ಮೂರು ಕ್ಲಿಪ್ ಹಳೆಯ ಫೋನಿನವು, ಸೆಕೆಂಡಿಗೆ ಸರಿಯಾಗಿ ಇಪ್ಪತ್ತೈದು ಚಿತ್ರ. ನಾಲ್ಕನೆಯದು ಬೇರೆಯದೇ ಫೋನಿನದು.

“ಇದನ್ನ ಶೂಟ್ ಮಾಡಿದ್ದು ಯಾರು?”

“ಅಮ್ಮನ ಗೆಳತಿ. ಹೊಸ ಫೋನ್ ತಗೊಂಡಿದ್ದಾಳೆ ಅಂತ ಅಮ್ಮ ಬರೆದಿದ್ಲು.”

“ಅಲ್ಲೇ ಇದೆ ನೋಡಿ!” ನಾನು ಪರದೆಗೆ ಬೆರಳು ಕುಟ್ಟಿದೆ. “ಹೊಸ ಫೋನು ಫೈಲನ್ನ ಹಿಂಡಿ ಹಿಂಡಿ ಪುಟ್ಟದು ಮಾಡಿದೆ. ಅದನ್ನ ಬಿಡಿಸೋಕೆ ನನ್ನ ಮುದಿ ಕಂಪ್ಯೂಟರಿಗೆ ಶಕ್ತಿ ಇಲ್ಲ. ಅದು ಸಾಲದು ಅಂತ ಇದರ ಫ್ರೇಮು ಒಂದೇ ಸಮ ಇಲ್ಲ. ಬೆಳಕು ಇದ್ರೆ ಸೆಕೆಂಡಿಗೆ ಮೂವತ್ತು, ಬೆಳಕು ಕಮ್ಮಿ ಆದ್ರೆ ಹದಿನೆಂಟೋ ಇಪ್ಪತ್ತೋ. ಸಾಫ್ಟ್‌ವೇರು ಲೆಕ್ಕ ತಪ್ಪಿ ಒದ್ದಾಡ್ತಿದೆ. ಒಂದೇ ಸಮನಾದ ಫ್ರೇಮಿಗೆ, ಬಿಡಿಸೋಕೆ ಸುಲಭವಾಗಿರೋ ಫಾರ್ಮ್ಯಾಟಿಗೆ ಬದಲಾಯಿಸಿದ್ರೆ ಆಯ್ತು.”

“ಎಷ್ಟೊತ್ತಾಗುತ್ತೆ?”

ಬದಲಾಯಿಸುವ ಗುಂಡಿ ಒತ್ತಿದೆ. ಹಸಿರು ಪಟ್ಟಿಯೊಂದು ಕಾಣಿಸಿಕೊಂಡಿತು. ಮೂವತ್ತೆಂಟು ನಿಮಿಷ ಎಂದಿತು.

ಆ ಮೂವತ್ತೆಂಟು ನಿಮಿಷ! ಅಕ್ಕ ಕಾಫಿ ಇಟ್ಟು, ನನ್ನ ಭುಜ ಒಮ್ಮೆ ಅದುಮಿ, ಬೇಕೆಂದೇ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಕೆಳಗೆ ಸೈಕಲ್ ಅಂಗಡಿಯವನು ಚಕ್ರ ತಿರುಗಿಸುವ ಸದ್ದು ಬರುತ್ತಿತ್ತು. ಇವನು ಮೊಣಕಾಲ ಮೇಲೆ ಅಂಗೈ ಒತ್ತಿಕೊಂಡು ಪಟ್ಟಿಯನ್ನೇ ನೋಡುತ್ತಿದ್ದ. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಕ್ಲಿಪ್ಪಿನ ಧ್ವನಿಯ ಗೆರೆ ಟೈಮ್‌ಲೈನಿನಲ್ಲಿ ಇನ್ನೂ ಇತ್ತು. ಕಿವುಡರ ವಿಡಿಯೋ ಎಂದು ಮೂರು ವಾರದಿಂದ ನಾವು ಧ್ವನಿಯನ್ನು ಮ್ಯೂಟ್ ಮಾಡಿಯೇ ಇಟ್ಟಿದ್ದೆವು. ಕೇಳಬೇಕು ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಏನೂ ತೋಚದೆ ಹೆಡ್‌ಫೋನ್ ಹಾಕಿಕೊಂಡು ಮ್ಯೂಟ್ ತೆಗೆದೆ.

ಟಪ್. ಟಪ್ ಟಪ್. ಸರ್ರನೆ ಬಟ್ಟೆ ಉಜ್ಜಿದ ಸದ್ದು. ಮತ್ತೆ ಟಪ್.

ಕೈಗೆ ಕೈ ತಾಗುವ ಸದ್ದು ಅದು. ಪರದೆಯಲ್ಲಿ ಕೈ ನಿಂತಾಗಲೂ ಕಿವಿಯಲ್ಲಿ ಅದು ನಿಲ್ಲುತ್ತಿರಲಿಲ್ಲ. ಧ್ವನಿಯ ಗೆರೆಯನ್ನು ದೊಡ್ಡದು ಮಾಡಿ ನೋಡಿದೆ. ಒಂದೇ ಅಳತೆಯ ಹೊಲಿಗೆ ಹಾಕಿದ ಹಾಗೆ ಸಾಲಾಗಿತ್ತು. ಚಿತ್ರ ನುಂಗುವ ಯಂತ್ರ ಸದ್ದನ್ನು ನುಂಗಿರಲಿಲ್ಲ.

“ಕಣ್ಣು ಮುಚ್ಚಿ” ಎಂದೆ.

“ಯಾಕೆ?”

“ಮುಚ್ಚಿ ಅಂದ್ರೆ ಮುಚ್ಚಿ. ನಿಮ್ಮ ಕಣ್ಣೇ ನಿಮಗೆ ಶತ್ರು ಆಗಿದೆ.”

ಹೆಡ್‌ಫೋನ್ ತೆಗೆದು ಅವನ ಕಿವಿಗಿಟ್ಟೆ. ಅವನು ಕಣ್ಣು ಮುಚ್ಚಿದ. ಮೊದಲು ಹಣೆ ಗಂಟಾಯಿತು. ಆಮೇಲೆ ಗಂಟು ಮೆಲ್ಲನೆ ಬಿಚ್ಚಿಕೊಂಡಿತು. ಮುಚ್ಚಿದ ರೆಪ್ಪೆಯ ಅಡಿಯಿಂದ ನೀರು ಇಳಿದು ಗಲ್ಲಕ್ಕೆ ಬಂತು. ಅವನು ಒರೆಸಿಕೊಳ್ಳಲಿಲ್ಲ. ನಾನು ಬೇರೆ ಕಡೆ ನೋಡಬೇಕಿತ್ತು, ನೋಡಲಿಲ್ಲ.

“ಚಿಕ್ಕವನಿದ್ದಾಗ” ಎಂದ, ಕಣ್ಣು ತೆರೆಯದೆ, “ನಾನು ಈ ಕೋಣೇಲಿ ಮಲಗಿದ್ರೆ ಆ ಕೋಣೇಲಿ ಅಪ್ಪ ಅಮ್ಮ ಮಾತಾಡೋದು ಕೇಳಿಸ್ತಿತ್ತು. ಇದೇ ಸದ್ದು. ಜಗಳ ಆಡ್ತಿದ್ರೆ ಜೋರು, ನಗ್ತಿದ್ರೆ ಪುಟಪುಟ ಅಂತ. ತಮ್ಮ ಕೈಗೆ ಸದ್ದಿದೆ ಅಂತ ಅವರಿಗೇ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ.”

“ಈಗ ಹೇಗಿದೆ? ಜಗಳಾನಾ, ನಗುನಾ?”

“ಹರಟೆ” ಎಂದ. ನಿನ್ನೆಯಿಂದ ಇದೇ ಮೊದಲ ಸಲ ಬಾಯಿಯಂಚು ನಗುವಿನ ಕಡೆ ವಾಲಿತು. “ಸರಾಗವಾಗಿ ಹರಟೆ ಹೊಡೀತಿದ್ದಾಳೆ.” ಮರುಕ್ಷಣವೇ ಮತ್ತೆ ಗಂಭೀರನಾದ. “ಆದ್ರೂ ನೋಡೋ ತನಕ ನನಗೆ ನಂಬಿಕೆ ಬರಲ್ಲ.”

“ನೋಡೋಣ. ನಾನೂ ಎಲ್ಲಿಗೂ ಹೋಗ್ತಿಲ್ಲ.”

ಹನ್ನೊಂದು ನಿಮಿಷ. ಆರು. ಎರಡು. ಪಟ್ಟಿ ತುಂಬಿತು. ಹೊಸ ಫೈಲನ್ನು ಟೈಮ್‌ಲೈನಿಗೆ ಎಳೆದು ಹಾಕಿದೆ. ಅವನು ಹೆಡ್‌ಫೋನ್ ಮೇಜಿನ ಮೇಲಿಟ್ಟು ಮುಂದಕ್ಕೆ ಬಾಗಿದ. ಒತ್ತಿದೆ.

ಅಮ್ಮನ ಕೈ ಮೇಲೆದ್ದಿತು. ನಿಲ್ಲಲಿಲ್ಲ. ಹಾರಲಿಲ್ಲ. ಅಂಗೈ ತಿರುಗಿತು, ಬೆರಳು ಅರಳಿದವು, ಎಡಗೈಯ ಮೇಲೆ ಬಲಗೈ ಸೂಜಿಯ ಹಾಗೆ ಓಡಿತು, ಗಾಳಿಯಲ್ಲಿ ಒಂದು ದೊಡ್ಡ ಹೊಟ್ಟೆಯನ್ನು ಬರೆದು ಠಕ್ಕನೆ ಬಿಚ್ಚಿಕೊಂಡಿತು. ಇಷ್ಟು ಚೆಂದದ ಕೈಯನ್ನು ನಾನು ಹಿಂದೆ ನೋಡಿರಲಿಲ್ಲ. ಒಂದೇ ಒಂದು ಬೆರಳೂ ನಡುಗುತ್ತಿರಲಿಲ್ಲ.

ಅವನು ಉಸಿರು ಬಿಟ್ಟ. ನಿನ್ನೆಯಿಂದ ಹಿಡಿದಿಟ್ಟಿದ್ದ ಉಸಿರೆಲ್ಲ ಒಂದೇ ಸಲ ಹೊರಗೆ ಬಂದ ಹಾಗಿತ್ತು. ಮುಖ ಮುಚ್ಚಿಕೊಂಡು ಮೇಜಿನ ಮೇಲೆ ತಲೆಯಿಟ್ಟ. ಅಳುತ್ತಿದ್ದಾನೋ ನಗುತ್ತಿದ್ದಾನೋ ಗೊತ್ತಾಗಲಿಲ್ಲ. ಎರಡೂ ಇತ್ತು ಅನ್ನಿಸುತ್ತದೆ. ನನಗೂ ಹೋದ ಜೀವ ಬಂದ ಹಾಗಾಯಿತು. ಅವನ ಬೆನ್ನ ಮೇಲೆ ಕೈಯಿಟ್ಟೆ. ಇಟ್ಟದ್ದನ್ನು ತೆಗೆಯಲಿಲ್ಲ.

“ಏನಾಯ್ತು?” ಅಕ್ಕ ಬಾಗಿಲ ಸಂದಿಯಿಂದ ಇಣುಕಿದಳು.

“ಕೈ ಚೆನ್ನಾಗಿದೆ ಅಕ್ಕ! ಏನೂ ಆಗಿಲ್ಲ!”

“ಹಗ್ಗ ನೋಡಿ ಹಾವು ಅಂದ್ರು ಇಬ್ಬರೂ” ಎಂದು ಅವಳು ಕಣ್ಣೊರೆಸಿಕೊಂಡೇ ಬೈದು, ಮತ್ತೆ ಬಾಗಿಲು ಮುಂದೆ ಮಾಡಿದಳು.

ಅವನು ಅಲ್ಲೇ ಅಮ್ಮನಿಗೆ ಬರೆದ: ‘ನಿಜ ಹೇಳು. ಯಾಕೆ ವಿಡಿಯೋ ಕಾಲ್‌ಗೆ ಬರ್ತಿಲ್ಲ?’ ಅರ್ಧ ನಿಮಿಷದಲ್ಲಿ ಉತ್ತರ ಬಂತು, ನನಗೂ ತೋರಿಸಿದ: ‘ಫೋನ್ ಬೀಳಿಸಿದೆ, ಕ್ಯಾಮೆರಾ ಒಡೆದಿದೆ. ಹೇಳಿದ್ರೆ ಕೆಲಸ ಬಿಟ್ಟು ಓಡಿ ಬರ್ತೀಯ ಅಂತ ಹೇಳಲಿಲ್ಲ. ಊಟ ಮಾಡಿದ್ಯಾ?’

“ಬೀಳಿಸಿದ್ದು ಯಾಕೆ ಅಂತ ಕೇಳಿ” ಎಂದೆ, ವಕೀಲಳ ಹಾಗೆ.

ಕೇಳಿದ. ‘ಬೆಕ್ಕು’ ಎಂದು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

“ಸರಿ, ಬಿಟ್ಟಿದ್ದೆಲ್ಲಿ? ಕೆಲಸ ಮಾಡೋಣ” ಎಂದು ನಾನು ಕಣ್ಣು ಮೂಗು ಒರೆಸಿಕೊಂಡು ಕ್ಲಿಪ್ಪನ್ನು ಮೊದಲಿನಿಂದ ಹಾಕಿದೆ. ಅವನು ಹೇಳತೊಡಗಿದ. ಈಗ ಅವನ ದನಿಯೂ ಸರಾಗ.

“‘ರಾಜನ ಪಾತ್ರ ಮಾಡೋರು ದಪ್ಪ ಆದ್ರೂ ನಮಗೆ ಹೇಳಲ್ಲ. ಸಿಂಹಾಸನದ ಮೇಲೆ ಕೂತಾಗ ಹೊಲಿಗೆ ಬಿಚ್ಚುತ್ತಲ್ಲ, ಆಗಲೇ ಗೊತ್ತಾಗೋದು…’”

ನಾನು ನಗುತ್ತಲೇ ಟೈಪ್ ಮಾಡಿದೆ. ಅಮ್ಮ ತಮ್ಮ ಗಂಡನ ಮಾತಿಗೆ ಬಂದರು. ಅವನ ದನಿ ಮೆತ್ತಗಾಯಿತು.

“‘ನನ್ನ ಗಂಡ ಒಳ್ಳೆಯವನು. ನಾನು ಮಾತಾಡ್ತಿರುವಾಗ ಒಂದು ಸಲಾನೂ ನನ್ನ ಕೈ ಹಿಡಿದವನಲ್ಲ. ಕೈ ಹಿಡಿದ್ರೆ ನಮ್ಮಂಥವರ ಬಾಯಿ ಮುಚ್ಚಿಸಿದ ಹಾಗೆ. ನಾನು ಹೇಳೋದೆಲ್ಲ ಹೇಳಿ ಮುಗಿಸೋ ತನಕ ಕಾಯೋನು. ಮುಗೀತಾ ಅಂತ ಕೇಳೋನು. ಆಮೇಲೆ ಹಿಡಿಯೋನು.’”

ನಾನು ಟೈಪ್ ಮಾಡುವುದನ್ನು ನಿಲ್ಲಿಸಿ ಒಂದು ಸಲ ಅವನ ಕಡೆ ನೋಡಿದೆ. ಅವನು ಪರದೆಯನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಕ್ಯಾಮೆರಾದ ಹಿಂದಿದ್ದ ಗೆಳತಿ ಏನೋ ಕೇಳಿರಬೇಕು. ಅಮ್ಮ ತಲೆ ಓರೆ ಮಾಡಿ ನಕ್ಕರು. ಕೈ ಬೇಗ ಬೇಗ ಓಡಿತು.

“‘ಮಗನಾ? ಊರವರ ಮಾತೆಲ್ಲ ದಾಟಿಸ್ತಾನೆ. ತನ್ನ ಮಾತು ಬಂದ್ರೆ ಕೈ ಕಟ್ಟಿಕೊಂಡು ಕೂರ್ತಾನೆ. ಈಗ ಮೂರು ವಾರದಿಂದ ದಿನಾ ಬರೆಯೋದು ಒಂದೇ…’” ಅಲ್ಲಿಗೆ ಅವನ ಬಾಯಿ ನಿಂತುಹೋಯಿತು.

ಪರದೆಯಲ್ಲಿ ಅಮ್ಮ ಹುಬ್ಬು ಗಂಟಿಕ್ಕಿ, ನಾಲಿಗೆಯ ತುದಿಯನ್ನು ತುಟಿಯಂಚಿಗಿಟ್ಟು, ಹೆಬ್ಬೆರಳಿನಿಂದ ಮಡಿಲನ್ನು ಎರಡು ಸಲ ತಟ್ಟಿದರು.

“ಇದೇನು ಪದ?” ಎಂದೆ.

“ಪದ ಅಲ್ಲ.” ಅವನ ಕಿವಿ ಕೆಂಪಾಯಿತು. “ಹೆಸರು.”

“ಯಾರ ಹೆಸರು?”

“ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದು ಸನ್ನೆ ಹೆಸರು ಇಡ್ತೀವಿ. ಅವರು ಹೇಗಿರ್ತಾರೋ ಹಾಗೆ. ಇದನ್ನ ನಾನು ಅಮ್ಮಂಗೆ ಬರೆದು ವಿವರಿಸಿದ್ದೆ. ಅವಳು ಹೀಗೆ ಮಾಡಿ ತೋರಿಸ್ತಾಳೆ ಅಂತ ಗೊತ್ತಿರಲಿಲ್ಲ.”

ನಾನು ಕ್ಲಿಪ್ ನಿಲ್ಲಿಸಲು ಹೋದೆ. ಎಡಗೈಯ ಹೆಬ್ಬೆರಳು ಸ್ಪೇಸ್‌ಬಾರಿನ ಮೇಲಿತ್ತು. ಪರದೆಯ ಕಪ್ಪು ಅಂಚಿನಲ್ಲಿ ನನ್ನ ಮುಖ ಕಂಡಿತು. ಹುಬ್ಬು ಗಂಟಿಕ್ಕಿತ್ತು. ನಾಲಿಗೆ ತುದಿ ತುಟಿಯಂಚಿನಲ್ಲಿತ್ತು. ಬೇಗ ಒಳಗೆಳೆದುಕೊಂಡೆ.

“ನಾನು ನಾಲಿಗೆ ಹೊರಗಿಡ್ತೀನಾ?” ಎಂದೆ ಗಾಬರಿಯಿಂದ.

“ಪ್ರತಿ ಕಟ್‌ಗೂ.”

“ಮೂರು ವಾರದಿಂದ ನೋಡಿ ಸುಮ್ಮನಿದ್ರಾ?”

“ಹೇಳಿದ್ರೆ ನಿಲ್ಲಿಸಿಬಿಡ್ತೀರಿ ಅಂತ ಹೇಳಲಿಲ್ಲ.” ಅವನು ಈಗ ನೇರವಾಗಿ ನನ್ನನ್ನೇ ನೋಡಿದ. “ನೀವು ಕೀಬೋರ್ಡ್ ಊದೋದನ್ನೂ ನೋಡಿದ್ದೀನಿ. ಒಂದೊಂದು ಸಲ ಬೇಕು ಅಂತಲೇ ತಿರುಗ್ತಿದ್ದೆ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಜೊತೆಗೇ, ಬಾಯಿ ಬಿಡದಿದ್ದರೇ ಒಳ್ಳೆಯದು ಎಂದೂ ಅನ್ನಿಸಿತು.

“ಅಮ್ಮ ಇನ್ನೂ ಏನೋ ಹೇಳ್ತಿದ್ದಾರೆ” ಎಂದೆ, ದನಿ ಕಂಡುಕೊಂಡು. “ಪೂರ್ತಿ ಹೇಳಿ. ಕೆಲಸ ಕೆಲಸವೇ.”

“‘ಅವಳ ಬಗ್ಗೆ ಅಷ್ಟು ಬರೆಯೋನು, ಅವಳಿಗೇ ಒಂದು ಮಾತು ಹೇಳ್ಬಾರ್ದಾ’ ಅಂತಿದ್ದಾಳೆ. ಅಷ್ಟೇ. ಕ್ಲಿಪ್ ಮುಗೀತು.” ಅವನು ಬ್ಯಾಗಿನಿಂದ ಲಕೋಟೆ ತೆಗೆದು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದ. “ನಿನ್ನೆ ಇಲ್ಲಿಂದ ಇಳಿದು ಹೋಗುವಾಗ ಅಮ್ಮನ ಚಿಂತೆ ಒಂದು ಕಡೆ ಆದ್ರೆ, ಇನ್ನು ಈ ಮೆಟ್ಟಿಲು ಹತ್ತಲ್ಲ ಅನ್ನೋದು ಇನ್ನೊಂದು ಕಡೆ. ಯಾವುದಕ್ಕೆ ಅಳಬೇಕು ಅಂತ ಗೊತ್ತಾಗಲಿಲ್ಲ. ನೀನಂದ್ರೆ ನಂಗೆ ತುಂಬಾ ಇಷ್ಟ.”

‘ನೀವು’ ಎಲ್ಲೋ ಬಿದ್ದುಹೋಗಿತ್ತು. ನಾನು ಹುಡುಕಿಕೊಡಲಿಲ್ಲ.

“ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?” ಎಂದು ಬೈದೆ. ಬೈಗುಳದ ಮಧ್ಯದಲ್ಲೇ ಅಳು ಬಂತು. “ಒಂದು ದಿನ, ಇಡೀ ಒಂದು ದಿನ ನನ್ನ ಮಾತು ಜಾಸ್ತಿ ಆಯ್ತೇನೋ, ಕಾಫಿ ಕೆಟ್ಟದಾಗಿತ್ತೇನೋ ಅಂತ ಒದ್ದಾಡಿದ್ದೀನಿ. ‘ಚೆನ್ನಾಗಿತ್ತು’ ಅಂತ ಮೆಸೇಜ್ ಹಾಕ್ತಾನೆ, ಶ್ರದ್ಧಾಂಜಲಿ ಬರೆದ ಹಾಗೆ! ನಾನೂ ಹೇಳ್ಬೇಕಿತ್ತು, ಕಂಪ್ಯೂಟರು ಕೆಟ್ಟಿದೆ ಅಂತ. ಹೇಳಲಿಲ್ಲ. ನಿನ್ನೆದುರು ದೊಡ್ಡ ಎಡಿಟರ್ ಅನ್ನಿಸಿಕೊಳ್ಳೋ ಆಸೆ. ಇನ್ಮೇಲೆ ಏನೇ ಆದ್ರೂ ಬಾಯಿಬಿಟ್ಟು ಹೇಳ್ತೀನಿ. ಈಗಲೇ ಹೇಳ್ತೀನಿ. ನಂಗೂ ನೀನಂದ್ರೆ ಪ್ರಾಣ. ರೈಲಿಗೆ ಹೋಗು, ಅಮ್ಮನ್ನ ನೋಡಿಕೊಂಡು ಬಾ, ಒಂದು ಒಳ್ಳೆ ಫೋನ್ ಕೊಡಿಸು, ಬೆಕ್ಕಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳು. ಆದ್ರೆ ವಾಪಸ್ ಟಿಕೆಟ್ ಇಲ್ಲೇ, ನನ್ನ ಕಣ್ಮುಂದೇನೇ ತಗೋಬೇಕು. ಭಾನುವಾರಕ್ಕೆ. ಸೋಮವಾರ ಅಲ್ಲ. ಐದನೇ ಕ್ಲಿಪ್ ಬಾಕಿ ಇದೆ, ಆರನೇದು, ಏಳನೇದು…”

ಅವನು ನಗುತ್ತ ಕಾಯುತ್ತಿದ್ದ. ಎರಡೂ ಕೈ ತನ್ನ ಮಡಿಲಲ್ಲೇ ಇಟ್ಟುಕೊಂಡು, ನನ್ನ ಒಂದೊಂದು ಮಾತನ್ನೂ ಕೇಳುತ್ತ ಕಾಯುತ್ತಿದ್ದ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ.

“ಮುಗೀತಾ?” ಎಂದು ಕೇಳಿದ.

ನಾನು ಹೂಂ ಎಂದು ತಲೆಯಾಡಿಸಿದೆ. ಅವನು ನನ್ನ ಕೈ ಹಿಡಿದುಕೊಂಡ. ಆರು ಹತ್ತಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು. ಅಷ್ಟು ಹೊತ್ತೂ ನಾನು ಒಂದು ಮಾತನ್ನೂ ಆಡಲಿಲ್ಲ.